ನಮ್ಮ ಮನೆಗೆ ಬಾರಿಸದ ಗಂಟೆ

ಕರುಣಾ, ಅಯ್ಯನವರಿಗೆ ಜ್ವರ ತಂದವಳು ನಿನ್ನ ತಾಯಿ ಅಲ್ಲ. ಆ ಭಾನುವಾರ ದೇವಾಲಯದೊಳಕ್ಕೆ ಜ್ವರ ಹೊತ್ತು ಬಂದವಳು ನಾನು. ಮೆಟ್ಟಿಲು ಹತ್ತುವಾಗ ಅದು ನನಗೆ ಗೊತ್ತಿತ್ತು. ಆಮೇಲೆ ಸಭೆಯೆಲ್ಲ ನಿನ್ನ ತಾಯಿಯ ಕಡೆ ತಿರುಗಿ ನೋಡಿದಾಗಲೂ ಗೊತ್ತಿತ್ತು. ಒಂಬತ್ತು ವರ್ಷ ನಾನು ಬಾಯಿ ಬಿಡಲಿಲ್ಲ.

ಇದನ್ನು ಮೊದಲಿಗೇ ಬರೆದುಬಿಟ್ಟೆ. ಪೀಠಿಕೆ ಹಾಕುತ್ತ ಕೂತರೆ ನುಣುಚಿಕೊಳ್ಳುವ ದಾರಿ ಹುಡುಕುತ್ತೇನೆ — ನನ್ನ ಸ್ವಭಾವ ನನಗೆ ಗೊತ್ತು.

ನಿನ್ನ ಕಾಗದ ಹೋದ ವಾರ ಗೌರಿಬಿದನೂರಿಗೆ ಬಂತು. ನಿನ್ನ ತಾಯಿ ರಾಹೇಲಮ್ಮ ಚಿಂತಾಮಣಿಯಲ್ಲಿ ತೀರಿಕೊಂಡರೆಂದು ನೀನು ಬರೆದಿದ್ದೆ. ನೆನಪಿನ ಪ್ರಾರ್ಥನೆಯನ್ನು ಶಿಡ್ಲಘಟ್ಟದ ನಮ್ಮ ಹಳೆಯ ದೇವಾಲಯದಲ್ಲೇ ಇಡಬೇಕು, ಅಮ್ಮನಿಗೆ ಅದೊಂದು ಆಸೆಯಿತ್ತು ಎಂದು ಬರೆದಿದ್ದೆ. ಕೊನೆಗೆ, ‘ಟೀಚರ್, ನೀವು ಚೆನ್ನಾಗಿ ಬರೀತೀರ. ಅಮ್ಮನ ವಿಷಯ ನಾಲ್ಕು ಮಾತು ಬರೆದುಕೊಡಿ, ಓದಿಸ್ತೀನಿ. ನಿಮ್ಮನ್ನ ಕಂಡರೆ ಅಮ್ಮನಿಗೆ ಬಹಳ ಗೌರವ’ ಎಂದಿತ್ತು.

ನಾಲ್ಕು ಮಾತು ಬರೆಯಲು ಕೂತೆ. ‘ರಾಹೇಲಮ್ಮನವರು ನಮ್ಮ ಸಭೆಯ ನಂಬಿಗಸ್ತ ಸದಸ್ಯೆಯಾಗಿದ್ದರು’ ಎಂಬಲ್ಲಿಗೆ ಪೆನ್ನು ನಿಂತಿತು. ಆ ಹಾಳೆಯನ್ನು ಹರಿದು ಹಾಕಿ, ಪೆಟ್ಟಿಗೆಯ ಅಡಿಯಿಂದ ಐವತ್ತೇಳನೆಯ ಇಸವಿಯ ದಿನಚರಿಯನ್ನು ಹೊರತೆಗೆದೆ. ಈಗ ಬರೆಯುತ್ತಿರುವುದು ಆ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು.

ಆದರೆ ನನ್ನ ದಿನಚರಿಯನ್ನು ನಂಬಬೇಡ. ನಾನು ಮೈಸೂರಿನಲ್ಲಿ ಓದಿದ್ದು ಇತಿಹಾಸ. ನೆನಪಿಗಿಂತ ದಾಖಲೆ ದೊಡ್ಡದು, ಆ ದಿನವೇ ಬರೆದಿಟ್ಟದ್ದು ಆಮೇಲೆ ಹೇಳಿದ್ದಕ್ಕಿಂತ ಗಟ್ಟಿ ಎಂದು ನಮಗೆ ಕಲಿಸಿದ್ದರು. ಈ ವಿಷಯದಲ್ಲಿ ಅದು ತಲೆಕೆಳಗು. ಆ ಶನಿವಾರದ ಪುಟದಲ್ಲಿ ನನ್ನ ದುಂಡಗಿನ ಅಕ್ಷರದಲ್ಲಿ ಹೀಗಿದೆ: ‘ಹನ್ನೊಂದು ಮನೆ. ನಮ್ಮ ಮನೆ ಕ್ಷೇಮ.’ ಯಾರೂ ಓದದ ಪುಸ್ತಕದಲ್ಲಿ, ನನಗೆ ನಾನೇ ಬರೆದುಕೊಂಡ ಸುಳ್ಳು ಅದು.

ನಿನಗೆ ಆಗ ಹನ್ನೆರಡು ವರ್ಷವಿರಬಹುದು. ಕೆಲವು ನೆನಪಿರುತ್ತದೆ, ಕೆಲವು ಇರಲಾರದು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಆ ವರ್ಷ ಮುಂಗಾರಿಗೂ ಮುಂಚೆ ಜ್ವರದ ಸುದ್ದಿ ಬಂತು. ಮದರಾಸಿಗೆ ಹಡಗಿನಲ್ಲಿ ಬಂತಂತೆ, ಅಲ್ಲಿಂದ ರೈಲು ಹತ್ತಿತಂತೆ, ಬೆಂಗಳೂರಿನಲ್ಲಿ ಆಫೀಸುಗಳು ಅರ್ಧ ಖಾಲಿಯಂತೆ — ಎಲ್ಲ ಅಂತೆಕಂತೆ. ನಮ್ಮ ಕಡೆ ಅದಕ್ಕೆ ಮದರಾಸಿನ ಜ್ವರ ಎಂದೇ ಹೆಸರು. ಮೊದಲು ರೇಷ್ಮೆಗೂಡು ಮಾರುವುದಕ್ಕೆ ಬಂದವರು ಕೆಮ್ಮಿದರು. ಆಮೇಲೆ ನೂಲು ತೆಗೆಯುವ ಮನೆಗಳಲ್ಲಿ ಒಂದೊಂದೇ ಚರಕ ನಿಂತಿತು. ನಾನು ಪಾಠ ಹೇಳುತ್ತಿದ್ದ ಶಾಲೆಗೆ ರಜೆ ಕೊಟ್ಟರು. ಹೆಚ್ಚಿನವರು ಐದಾರು ದಿನ ಮಲಗಿ ಎದ್ದರು. ಎಲ್ಲರೂ ಏಳಲಿಲ್ಲ. ಯಾರು ಏಳುತ್ತಾರೆ, ಯಾರು ಏಳುವುದಿಲ್ಲ ಎಂಬುದಕ್ಕೆ ಒಂದು ನಿಯಮವೆಂಬುದು ಕಾಣದೆ ಇದ್ದದ್ದೇ ಭಯ.

ನಮ್ಮ ಸಭಾಪಾಲಕರಾದ ಅಯ್ಯನವರು ಈ ಭಯವನ್ನು ಹಿಂದೊಮ್ಮೆ ಕಂಡಿದ್ದರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ಜ್ವರದಲ್ಲಿ ಅವರಿದ್ದ ಹಳ್ಳಿಯ ಸಭೆಯವರೆಲ್ಲ ಒಂದೆಡೆ ಸೇರಿ ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿದರಂತೆ. ಬಾಗಿಲು ಮುಚ್ಚಿಕೊಂಡು, ಒಬ್ಬರ ಪಕ್ಕ ಒಬ್ಬರು. ನಾಲ್ಕನೆಯ ದಿನದಿಂದ ಹೂಳುವುದಕ್ಕೆ ಶುರು. ಅವರ ತಾಯಿಯೂ ಹಾಗೇ ಹೋದವರು. ಆ ಕಥೆಯನ್ನು ಅವರು ಅದಕ್ಕೂ ಹಿಂದೆ ಎಂದೂ ಹೇಳಿರಲಿಲ್ಲ. ಒಂದು ಭಾನುವಾರ ಪ್ರಸಂಗವನ್ನು ಅರ್ಧಕ್ಕೇ ನಿಲ್ಲಿಸಿ ಹೇಳಿದರು. ಹೇಳಿ, ಕಿಟಕಿ ಬಾಗಿಲುಗಳನ್ನೆಲ್ಲ ತೆರೆಯಿರಿ ಎಂದರು.

ಮಾರನೆಯ ವಾರದಿಂದ ನಮ್ಮ ಸಭೆ ಕೂಡುವ ರೀತಿಯೇ ಬದಲಾಯಿತು. ಬೆಂಚುಗಳನ್ನು ತೆಗೆಸಿ ಚಾಪೆ ಹಾಸಿದರು, ಒಂದು ಚಾಪೆಗೆ ಒಂದು ಮನೆಯವರು. ಆರಾಧನೆಯನ್ನು ಎರಡು ಸರದಿ ಮಾಡಿದರು. ಹಾಡು ಬೇಡ ಎಂದರು — ಹಾಡುವಾಗ ಬಾಯಿ ತೆರೆಯುತ್ತದಲ್ಲ. ಹಾಡಿಲ್ಲದ ದೇವಾಲಯದಲ್ಲಿ ಹೊರಗಿನ ಹುಣಸೆಮರದ ಕಾಗೆಗಳ ಕೂಗು ಮಾತ್ರ ಕೇಳಿಸುತ್ತಿತ್ತು. ಚಾಪೆಗಳ ನಡುವಿನ ಬರಿ ನೆಲವನ್ನು ನೋಡುತ್ತ ಕೂರುತ್ತಿದ್ದೆವು. ಪ್ರತಿ ವಾರ ಒಂದಿಷ್ಟು ಚಾಪೆ ಕಡಿಮೆ.

ಜ್ವರವಿದ್ದ ಮನೆಯವರು ಬರಕೂಡದು, ಬಾಗಿಲಿಗೆ ಗುರುತು ಕಟ್ಟಬೇಕು ಎಂದು ತೀರ್ಮಾನವಾಯಿತು. ಗುರುತು ಎಂದರೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಹೊಳೆಯುವುದು ಬೇವಿನ ಸೊಪ್ಪು. ಅದಕ್ಕೆ ನಿನ್ನ ತಾಯಿ, ಬೇವು ಕಟ್ಟಿದರೆ ಮಾರಮ್ಮ ‘ನನ್ನ ಒಕ್ಕಲು ವಾಪಸ್ ಬಂದ್ರು’ ಅಂದುಕೊಂಡು ಒಳಕ್ಕೇ ಬಂದುಬಿಡ್ತಾಳೆ ಅಯ್ಯಾ ಎಂದು ನಗಿಸಿದ್ದರು. ಹಾಗಾಗಿ ಬಿಳಿಯ ಬಟ್ಟೆ ಎಂದಾಯಿತು. ಅದಕ್ಕೂ ಅವರದೊಂದು ಮಾತು: ನಮ್ಮ ಮನೇಲಿ ಬಿಳೀದು ಅಂತ ಇರೋದು ನನ್ನ ತಲೆಗೂದಲು ಒಂದೇ, ಅದನ್ನೇ ಕಟ್ಲಾ? ಆ ತಿಂಗಳುಗಳಲ್ಲಿ ನಾವು ನಕ್ಕದ್ದೇನಾದರೂ ಇದ್ದರೆ ಅದು ನಿನ್ನ ತಾಯಿಯ ಬಾಯಿಂದ ಬಂದದ್ದು.

ಇನ್ನು ಗಂಟೆ. ಇದು ಅಯ್ಯನವರಿಗೇ ತೋಚಿದ್ದು. ಭಾನುವಾರ ಎಂದಿನಂತೆ ಗಂಟೆ ಬಾರಿಸಿ, ಸ್ವಲ್ಪ ತಡೆದು, ಬರಲಾಗದ ಒಂದೊಂದು ಮನೆಗೂ ಒಂದೊಂದು ಪೆಟ್ಟು ಬಿಡಿಬಿಡಿಯಾಗಿ ಹೊಡೆಯುತ್ತಿದ್ದರು. ಒಳಗೆ ಮಲಗಿದವರು ತಮ್ಮ ಪೆಟ್ಟು ಕೇಳಿ, ಸಭೆ ತಮ್ಮನ್ನು ಬಿಟ್ಟಿಲ್ಲವೆಂದು ತಿಳಿಯಬೇಕು, ಅದೇ ಹೊತ್ತಿಗೆ ಅವರೂ ಕಣ್ಣು ಮುಚ್ಚಬೇಕು. ಮೊದಲ ವಾರ ಮೂರು ಪೆಟ್ಟು. ಮುಂದಿನ ವಾರ ಏಳು. ಊರಿನ ಬೇರೆಯವರೂ ಎಣಿಸತೊಡಗಿದ್ದರು ಎಂದು ಆಮೇಲೆ ಕೇಳಿದೆ. ಸಂತೆಗೆ ಹೊರಟವರು ನಿಂತು ಎಣಿಸಿ, ಮಾತಾಡದೆ ನಡೆಯುತ್ತಿದ್ದರಂತೆ.

ಪೆಟ್ಟಿನ ಲೆಕ್ಕ ಕೊಡುವವಳು ನಾನು. ಪ್ರತಿ ಶನಿವಾರ ಮನೆಮನೆಯ ಬಾಗಿಲಲ್ಲಿ ನಿಂತು, ಜ್ವರವಿದೆಯೇ ಎಂದು ಕೇಳಿ, ಹೆಸರು ಬರೆದು ಅಯ್ಯನವರಿಗೆ ಒಪ್ಪಿಸಬೇಕು. ಓದಿದವಳು, ಕೈಬರಹ ಚೆನ್ನಾಗಿದೆ, ಸುಳ್ಳು ಹೇಳುವವಳಲ್ಲ — ಹೀಗೆಂದು ಆರಿಸಿದ್ದರು.

ಈಗ ಪಾತ್ರೆಯ ವಿಷಯ. ಎಲ್ಲವೂ ಅದರ ಮೇಲೆ ನಿಂತಿದೆ.

ತಿಂಗಳಿಗೊಂದು ಭಾನುವಾರ ಕರ್ತನ ಭೋಜನದ ಸಂಸ್ಕಾರ. ಒಣದ್ರಾಕ್ಷಿ ಕುದಿಸಿ ಸೋಸಿದ ರಸ, ಒಂದೇ ಬೆಳ್ಳಿಯ ಪಾತ್ರೆ, ಎಲ್ಲರೂ ಅದರಿಂದಲೇ. ಆ ತಿಂಗಳು ಅದು ಬೇಡ, ಅವರವರ ಮನೆಯಿಂದ ಒಂದೊಂದು ಲೋಟ ತನ್ನಿ, ಅದಕ್ಕೆ ಹೊಯ್ದು ಕೊಡುತ್ತೇನೆ ಎಂದು ಅಯ್ಯನವರು ಹೇಳಿದರು. ಸರಿಯಾದ ಮಾತು. ನಾನೂ ತಲೆಯಾಡಿಸಿದೆ. ಸಭೆ ಮಾತ್ರ ಕಲ್ಲಿನ ಹಾಗೆ ಕೂತಿತ್ತು. ಆಗ ನಿನ್ನ ತಾಯಿ ಎದ್ದು ನಿಂತರು. ಈ ಮಾತು ನನ್ನ ದಿನಚರಿಯಲ್ಲೂ ಇದೆ, ಸಭೆಯ ಪುಸ್ತಕದಲ್ಲೂ ಇದೆ, ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ:

‘ಹೋಟ್ಲಲ್ಲಿ ನಮ್ಗೆ ಬೇರೆ ಲೋಟ ಮಡಗವ್ರೆ. ಕುಡ್ದು, ತೊಳ್ದು, ಗೋಡೆ ಮೇಲೆ ಬೋರಲಾಕಿ ಬರ್ತೀವಿ. ಒಂದೇ ಪಾತ್ರೆ ಇರೋದು ಇಲ್ಲೊಂದು ಕಡೆ. ಇಲ್ಲೂ ಬೇರೆ ಲೋಟ ತರ್ಬೇಕಾ ಅಯ್ಯಾ?’

ಅಯ್ಯನವರು ತಲೆ ತಗ್ಗಿಸಿದರು. ಆ ಸಭೆಯಲ್ಲಿ ಇದ್ದವರೆಲ್ಲ ಹೋಟೆಲಿನ ಆ ಗೋಡೆಯನ್ನು ಕಂಡವರೇ. ಬಿ.ಎ. ಮಾಡಿದ ಮೇಲೂ ಒಮ್ಮೆ ನಾನು — ಇರಲಿ, ಇದು ನನ್ನ ದೂರು ಹೇಳಿಕೊಳ್ಳುವ ಜಾಗವಲ್ಲ.

ಕಡೆಗೆ ಅಯ್ಯನವರು, ಪಾತ್ರೆ ಒಂದೇ ಇರಲಿ ಎಂದರು. ಆದರೆ ಜ್ವರದ ಮನೆಯ ಒಬ್ಬರೂ ಅದಕ್ಕೆ ತುಟಿಯಿಡಬಾರದು. ಶನಿವಾರ ಟೀಚರಮ್ಮ ಬಾಗಿಲಿಗೆ ಬಂದಾಗ ನಿಜ ಹೇಳಬೇಕು. ಒಂದು ಮನೆ ಸುಳ್ಳು ಹೇಳಿದರೂ ಎಲ್ಲರ ಬಾಯಿಗೆ ವಿಷ ಹಾಕಿದಂತೆ. ಹೀಗೆ ಹೇಳುವಾಗ ಅವರು ನನ್ನ ಕಡೆ ನೋಡಿ ಭರವಸೆಯಿಂದ ನಕ್ಕರು. ನಕ್ಕರೆಂದೇ ನನ್ನ ನೆನಪು. ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು. ನನ್ನನ್ನು ಚುಚ್ಚುವುದಕ್ಕಾದರೂ ನನ್ನ ನೆನಪು ಸುಳ್ಳು ಹೇಳುತ್ತದೆ.

ಅದೇ ಸಂಸ್ಕಾರದ ಭಾನುವಾರ ನನ್ನ ಮದುವೆಯ ಮೂರನೆಯ ಓದು. ಮದುವೆಗೆ ಮುಂಚೆ ಮೂರು ಭಾನುವಾರ ಸಭೆಯ ಮುಂದೆ ಹೆಸರುಗಳನ್ನು ಓದಿ, ಆಕ್ಷೇಪಣೆ ಇದ್ದವರು ತಿಳಿಸಬೇಕು ಎಂದು ಕೇಳುವ ಪದ್ಧತಿ ನಿನಗೂ ಗೊತ್ತು. ಎರಡು ಓದು ಮುಗಿದಿತ್ತು. ನನಗೆ ಇಪ್ಪತ್ತೇಳು. ಹಿಂದೆ ಎರಡು ಸಂಬಂಧ ಬಂದು ಮುರಿದಿದ್ದವು. ಹುಡುಗಿ ಬಹಳ ಓದಿದ್ದಾಳೆ ಎಂಬುದು ಒಂದರಲ್ಲಿ, ಹುಡುಗಿಗೆ ತಂದೆಯಿಲ್ಲ ಎಂಬುದು ಇನ್ನೊಂದರಲ್ಲಿ. ಈ ಸಲ ಗೌರಿಬಿದನೂರಿನ ಡ್ರಾಯಿಂಗ್ ಮೇಷ್ಟರು ಒಪ್ಪಿದ್ದರು. ಬಿಳಿಬಟ್ಟೆ ಕಟ್ಟಿದ ಮನೆಯ ಮದುವೆಯನ್ನು ಆ ವಾರ ಓದುವುದಿಲ್ಲ, ಜ್ವರ ಹೋದ ಮೇಲೆ ನೋಡೋಣ — ಇದೂ ಅಯ್ಯನವರ ನಿಯಮಗಳಲ್ಲಿ ಒಂದು. ಆಮೇಲೆ ನೋಡೋಣ ಎಂಬ ಮಾತನ್ನು ನಾನು ಎರಡು ಸಲ ಕೇಳಿದ್ದೆ. ಎರಡು ಸಲವೂ ಆ ‘ಆಮೇಲೆ’ ಬರಲೇ ಇಲ್ಲ.

ಶನಿವಾರ ಬೆಳಿಗ್ಗೆ ಪುಸ್ತಕ ಹಿಡಿದು ಹೊರಟೆ. ಬೀದಿ ಖಾಲಿ. ಬಾಗಿಲುಗಳಿಗೆ ಕಟ್ಟಿದ ಬಿಳಿ ಬಟ್ಟೆಗಳು ಗಾಳಿಯಿಲ್ಲದೆ ಜೋತು ಬಿದ್ದಿದ್ದವು. ಹನ್ನೊಂದನ್ನು ಎಣಿಸಿದೆ. ನಿಮ್ಮ ಮನೆಯ ಬಾಗಿಲಿಗೆ ಬಟ್ಟೆ ಇರಲಿಲ್ಲ. ನೀನು ಒಳಗೆ ಮಗ್ಗಿ ಹೇಳುತ್ತಿದ್ದೆ. ರಾಹೇಲಮ್ಮ ಬಾಗಿಲಿಗೆ ಬಂದರು, ಕೆಮ್ಮುತ್ತಲೇ ಬಂದರು. ನೂಲು ತೆಗೆಯುವವರ ಕೆಮ್ಮು ಅದು — ಗೂಡು ಬೇಯಿಸುವ ಹಬೆಯಲ್ಲಿ ಇಪ್ಪತ್ತು ವರ್ಷ ಕೂತವರಿಗೆ ಮಳೆಗಾಲವೆಲ್ಲ ಇರುತ್ತದೆ, ಇಡೀ ಬೀದಿಗೆ ಗೊತ್ತು. ಜ್ವರ ಉಂಟೇ ಎಂದೆ. ನನ್ನ ಕೈಯನ್ನು ತೆಗೆದುಕೊಂಡು ತಮ್ಮ ಹಣೆಯ ಮೇಲಿಟ್ಟುಕೊಂಡು, ನೀನೇ ನೋಡ್ಕೋ ಕಣಮ್ಮ ಎಂದರು.

ಅವರ ಹಣೆ ತಣ್ಣಗಿತ್ತು. ಬಹಳ ತಣ್ಣಗಿತ್ತು. ಯಾಕೆ ಅಷ್ಟು ತಣ್ಣಗಿದೆ ಎಂದು ನಾನು ಯೋಚಿಸಿದೆ, ಕರುಣಾ. ಕಾದಿದ್ದದ್ದು ನನ್ನ ಕೈ ಎಂದು ಹೊಳೆಯಲು ನಮ್ಮ ಮನೆ ಮುಟ್ಟುವವರೆಗೆ ಹಿಡಿಯಿತು.

ನಮ್ಮ ಮನೆ ಪಟ್ಟಿಯಲ್ಲಿ ಕೊನೆಯದು. ಅಮ್ಮ ಜಗಲಿಯಲ್ಲಿ ರಾಗಿ ಹಸನು ಮಾಡುತ್ತಿದ್ದಳು. ನಾನು ಕಂಬಕ್ಕೆ ಒರಗಿ ನಿಂತದ್ದನ್ನು ನೋಡಿ ಎದ್ದು ಬಂದು ಕೊರಳ ಕೆಳಗೆ ಕೈಯಿಟ್ಟಳು. ಇಟ್ಟ ಕೈಯನ್ನು ಸರಕ್ಕನೆ ತೆಗೆದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಿಸಿಲಲ್ಲಿ ತಿರುಗಿದ್ದು ಎಂದಳು. ಹೂಂ ಎಂದೆ. ‘ಮೂರನೇ ಓದು ಒಂದಾಗೋಗ್ಲಿ’ ಎಂದಳು.

ಅಮ್ಮ ಹಾಗೆ ಹೇಳಿದ್ದು ನಿಜವೇ? ಬಹಳ ವರ್ಷ ಹಾಗೆಂದೇ ನಂಬಿದ್ದೆ. ಆದರೆ ಆ ಮಾತನ್ನು ನೆನೆದಾಗಲೆಲ್ಲ ನನಗೆ ಕೇಳಿಸುವುದು ನನ್ನದೇ ದನಿ. ಅಮ್ಮ ಈಗಿಲ್ಲ, ಕೇಳುವಂತಿಲ್ಲ. ಅವಳು ಹೇಳಿದ್ದರೂ ಪೆನ್ನು ನನ್ನ ಕೈಯಲ್ಲಿತ್ತು. ಪಟ್ಟಿಯ ಕೆಳಗೆ ಹನ್ನೆರಡನೆಯ ಹೆಸರಿಗೆ ಜಾಗವಿತ್ತು. ಅಲ್ಲೊಂದು ಗೆರೆ ಎಳೆದು, ಅಯ್ಯನವರ ಮನೆಗೆ ಹೋಗಿ ಪಟ್ಟಿ ಕೊಟ್ಟು ಬಂದೆ. ಅವರು ಹೊಸಿಲೊಳಗೆ ಕರೆದರು, ಹೊರಗೇ ನಿಂತೆ. ಅಷ್ಟು ವಿವೇಕ ಇತ್ತು ನೋಡು. ಅಂದರೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಜ್ವರದ ಮಾತ್ರೆ ನುಂಗಿ, ತಣ್ಣೀರಿನಲ್ಲಿ ಮುಖ ತೊಳೆದು, ಹೊಸ ಸೀರೆಯುಟ್ಟೆ. ಗಂಟೆಯ ಹಗ್ಗವನ್ನು ಅಯ್ಯನವರೇ ಹಿಡಿದಿದ್ದರು. ಮೊದಲ ಗಂಟೆ ಮುಗಿಯಿತು. ಆಮೇಲೆ ಬಿಡಿ ಪೆಟ್ಟುಗಳು. ನಾನು ಮೆಟ್ಟಿಲ ಮೇಲೆ ನಿಂತು ಎಣಿಸಿದೆ. ಒಂಬತ್ತು. ಹತ್ತು. ಹನ್ನೊಂದು. ಅಲ್ಲಿ ಅವರು ಹಗ್ಗ ಬಿಡದೆ ಒಂದು ಕ್ಷಣ ತಡೆದರು — ಉಸಿರು ತೆಗೆದುಕೊಳ್ಳುವುದಕ್ಕೋ, ಲೆಕ್ಕ ನೆನಪು ಮಾಡಿಕೊಳ್ಳುವುದಕ್ಕೋ. ಆ ಕ್ಷಣದಲ್ಲಿ ನಾನು ಹೇಳಬಹುದಿತ್ತು. ಇನ್ನೊಂದಿದೆ ಅಯ್ಯಾ, ಅಷ್ಟೇ. ಅವರು ಹಗ್ಗ ಬಿಟ್ಟರು.

ಓದು ಆಯಿತು. ನನ್ನ ಹೆಸರು, ಮೇಷ್ಟರ ಹೆಸರು. ಆಕ್ಷೇಪಣೆ ಇದ್ದವರು ಈಗ ತಿಳಿಸಬೇಕು ಎಂದರು. ಆಕ್ಷೇಪಣೆ ನನ್ನ ಮೈಯೊಳಗೇ ಕುದಿಯುತ್ತ ಕೂತಿತ್ತು.

ಪಾತ್ರೆ ಬಂತು. ಸಾಲಿನಲ್ಲಿ ನಾನು ಮೊದಲು, ನನ್ನ ಪಕ್ಕ ನಿನ್ನ ತಾಯಿ. ಪಾತ್ರೆಗೆ ತುಟಿ ತಾಗಿಸದೆ ಕುಡಿದಂತೆ ನಟಿಸಬೇಕು ಎಂದು ಅಲ್ಲಿಯವರೆಗೂ ಅಂದುಕೊಂಡಿದ್ದೆ. ಹಾಗೆ ಮಾಡಿದೆನೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಲ್ಲ. ಗಂಟಲು ಉರಿಯುತ್ತಿತ್ತು. ರಸ ತಣ್ಣಗಿತ್ತು. ಗುಟುಕು ತೆಗೆದುಕೊಂಡೆ. ಪಾತ್ರೆಯನ್ನು ಪಕ್ಕಕ್ಕೆ ದಾಟಿಸುವಾಗ ನಿನ್ನ ತಾಯಿಯ ಬೆರಳುಗಳು ನನ್ನ ಬೆರಳುಗಳ ಮೇಲೆ ಬಂದವು, ಬಂದು ಅಲ್ಲೇ ನಿಂತವು.

‘ಕೈ ಕೆಂಡದಂಗೈತಲ್ಲೇ ಟೀಚರಮ್ಮ’ ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

‘ಬಿಸಿಲು’ ಎಂದೆ.

ಬೆಳಗಿನ ಎಂಟು ಗಂಟೆ. ಹೊರಗೆ ಮೋಡ ಕವಿದಿತ್ತು. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಪಾತ್ರೆಯನ್ನು ತೆಗೆದುಕೊಂಡರು. ಕುಡಿದರು.

ಈ ನೆನಪೊಂದನ್ನು ನಾನು ಸಂದೇಹಿಸುವುದಿಲ್ಲ. ದಿನಚರಿಯಲ್ಲಿ ಇದರ ಒಂದಕ್ಷರವೂ ಇಲ್ಲ. ಇಲ್ಲದಿರುವುದೇ ಇದಕ್ಕೆ ಸಾಕ್ಷಿ.

ಎಲ್ಲರದ್ದೂ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಸಭಾಪಾಲಕರು ಕುಡಿಯಬೇಕು. ಒಂದು ತೊಟ್ಟೂ ನೆಲಕ್ಕೆ ಬೀಳಬಾರದು. ಉಳಿದದ್ದನ್ನು ಕುಡಿದು, ನೀರು ಹೊಯ್ದು, ಅಲುಗಿಸಿ, ಆ ನೀರನ್ನೂ ಕುಡಿಯುವುದು ಕ್ರಮ. ಅಯ್ಯನವರು ಎಲ್ಲ ಕ್ರಮವನ್ನೂ ಬದಲಾಯಿಸಿದ್ದರು, ಇದೊಂದನ್ನು ಬದಲಾಯಿಸಿರಲಿಲ್ಲ. ನಮ್ಮೆಲ್ಲರ ತುಟಿಗಳನ್ನು ಮುಟ್ಟಿಬಂದದ್ದನ್ನು ಅವರು ಕಣ್ಣು ಮುಚ್ಚಿ ಕೊನೆಯ ಹನಿಯವರೆಗೆ ಕುಡಿಯುವುದನ್ನು ನಾನು ಕೂತು ನೋಡಿದೆ.

ಸೋಮವಾರ ನಾನು ಏಳಲಾರದೆ ಹೋದೆ. ಅಮ್ಮ ಬಾಗಿಲಿಗೆ ಬಿಳಿಬಟ್ಟೆ ಕಟ್ಟಿದಳು, ಎರಡು ದಿನ ತಡವಾಗಿ. ಮಂಗಳವಾರ ಅಯ್ಯನವರು ಮಲಗಿದರು. ಅದೇ ವಾರ ನಿನ್ನ ತಾಯಿ, ನಮ್ಮ ಸಾಲಿನ ಇನ್ನೂ ನಾಲ್ವರು. ಮುಂದಿನ ಭಾನುವಾರ ಆರಾಧನೆ ಇರಲಿಲ್ಲ. ಹಿರಿಯರಾದ ಸಂಪತ್ತಪ್ಪನವರು ಗಂಟೆಯ ಪೆಟ್ಟುಗಳನ್ನಷ್ಟೇ ಬಾರಿಸಿದರು. ಜ್ವರದಲ್ಲಿ ನನಗೆ ಎಣಿಕೆ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದೆ, ಪೆಟ್ಟುಗಳು ಮುಗಿಯುತ್ತಲೇ ಇರಲಿಲ್ಲ. ಎರಡು ದಿನದ ಮೇಲೆ ಬೇರೆ ರೀತಿಯ ಗಂಟೆ, ಸಾವಿಗೆ ಬಾರಿಸುವ ಗಂಟೆ, ಕೇಳಿಸಿತು. ಯಾರಿಗೆಂದು ಅಮ್ಮ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಯ್ಯನವರನ್ನು ಹೂಳಿದ ಹತ್ತು ಹನ್ನೆರಡು ದಿನಗಳಿಗೆ, ನಾವೆಲ್ಲ ಎದ್ದು ಓಡಾಡುವಂತಾದ ಮೇಲೆ, ಹುಣಸೆಮರದ ಕೆಳಗೆ ಸಭೆ ಸೇರಿತು. ದುಃಖಕ್ಕೆ ಒಂದು ಹೆಸರು ಬೇಕಾಗಿತ್ತು. ಬೇರೆ ಬೇರೆ ಲೋಟ ತರೋಣ ಎಂದು ಅಯ್ಯನವರು ಹೇಳಿದ್ದರಲ್ಲ, ಬೇಡವೆಂದವರು ಯಾರು ಎಂದು ಒಬ್ಬರು ತೆಗೆದರು. ಆ ದಿನ ಇಡೀ ಆರಾಧನೆಯಲ್ಲಿ ಕೆಮ್ಮಿದವರು ಯಾರು ಎಂದು ಇನ್ನೊಬ್ಬರು. ಪಾಪ ಟೀಚರಮ್ಮ, ಮದುವೆಯ ಹುಡುಗಿ, ಪಕ್ಕದಲ್ಲಿ ಕೂತ ತಪ್ಪಿಗೆ ಅವಳಿಗೂ ಅಂಟಿತು ಎಂದು ಮತ್ತೊಬ್ಬರು. ನೋಡಿದೆಯಾ — ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ಅನ್ಯಾಯಕ್ಕೊಳಗಾದವರ ಸಾಲಿನಲ್ಲಿ ಕೂರಿಸಿಬಿಟ್ಟಿದ್ದರು. ನಾನು ಎದ್ದು ಬರಬೇಕಿತ್ತು, ಅಷ್ಟೇ.

ಸಂಪತ್ತಪ್ಪನವರು ನ್ಯಾಯವಾದ ಮನುಷ್ಯ. ಬಾಯಿಗೆ ಬಂದಂತೆ ಮಾತಾಡಬೇಡಿ, ಲೆಕ್ಕ ಇಟ್ಟವರನ್ನು ಕೇಳೋಣ ಎಂದು ನನ್ನ ಕಡೆ ತಿರುಗಿದರು.

‘ಟೀಚರಮ್ಮ, ಆ ಶನಿವಾರ ರಾಹೇಲಮ್ಮನ ಮನೇಲಿ ಏನಾದ್ರೂ ಇತ್ತಾ?’

ನಾನು ಹೇಳಿದೆ: ‘ಕೆಮ್ಮು ಇತ್ತು.’

ಎರಡೇ ಮಾತು, ಅದೂ ನಿಜ. ಜ್ವರ ಇರಲಿಲ್ಲ, ಹಣೆ ತಣ್ಣಗಿತ್ತು, ನನ್ನ ಕೈಯಿಂದಲೇ ಮುಟ್ಟಿ ನೋಡಿದೆ ಎಂಬ ಉಳಿದ ಮಾತನ್ನು ಬಿಟ್ಟುಬಿಟ್ಟೆ. ಅದನ್ನು ಹೇಳಿದ್ದರೆ, ಹಾಗಾದರೆ ಜ್ವರ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತಿತ್ತು. ಬರಿಯ ಸುಳ್ಳು ಹೇಳಿದ್ದರೆ ಎಂದಾದರೂ ಸಿಕ್ಕಿಬೀಳುತ್ತಿದ್ದೆನೇನೋ. ನಿಜದ ಒಂದು ತುಂಡನ್ನು ಮಾತ್ರ ಹೇಳಿದವಳನ್ನು ಯಾರು ಹಿಡಿಯುತ್ತಾರೆ?

ನಿನ್ನ ತಾಯಿ ನನ್ನನ್ನು ನೋಡಿದರು. ನನ್ನ ಕೈ ಹೇಗಿತ್ತೆಂದು ಆ ಮರದ ಕೆಳಗೆ ಬಲ್ಲವರು ಅಮ್ಮನನ್ನು ಬಿಟ್ಟರೆ ಅವರೊಬ್ಬರೇ. ಅಮ್ಮ ನೆಲ ನೋಡುತ್ತಿದ್ದಳು. ರಾಹೇಲಮ್ಮ ಒಂದು ಮಾತು ಆಡಿದ್ದರೆ — ಇವಳ ಕೈ ಆವತ್ತು ಸುಡುತ್ತಿತ್ತು ಎಂದಿದ್ದರೆ — ಸಾಕಾಗಿತ್ತು. ಹೋಟೆಲಿನ ಲೋಟದ ವಿಷಯಕ್ಕೆ ಇಡೀ ಸಭೆಯೆದುರು ಎದ್ದು ನಿಂತ ಹೆಂಗಸು ಅಂದು ತನಗಾಗಿ ಎದ್ದು ನಿಲ್ಲಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಗಲೂ ಕೆಮ್ಮು ಬಂತು. ಜನ ಸ್ವಲ್ಪ ಸ್ವಲ್ಪವೇ ದೂರ ಸರಿದರು.

ಕೆಮ್ಮು ವಾಸಿಯಾಗುವವರೆಗೆ ರಾಹೇಲಮ್ಮ ಹೊರಗೆ ಮರದಡಿಯಲ್ಲಿ ಕೂತು ಆರಾಧನೆ ಕೇಳಲಿ, ಪಾತ್ರೆಗೆ ಬರುವುದು ಬೇಡ ಎಂದು ತೀರ್ಮಾನವಾಯಿತು. ವಾಸಿಯಾಗುವವರೆಗೆ! ಇಪ್ಪತ್ತು ವರ್ಷದ ಕೆಮ್ಮು. ಸಂಸ್ಕಾರದ ಭಾನುವಾರ ಅವರಿಗೆ ರಸವನ್ನು ಬೇರೆ ಲೋಟದಲ್ಲಿ ಹೊರಗೆ ಕಳಿಸಿದರು. ಅವರು ಕುಡಿಯಲಿಲ್ಲ. ಲೋಟವನ್ನು ದೇವಾಲಯದ ಗೋಡೆಯ ಮೇಲೆ ಇಟ್ಟು, ನಿನ್ನ ಕೈ ಹಿಡಿದುಕೊಂಡು ಮನೆಗೆ ನಡೆದರು. ಅದು ನಿನಗೆ ನೆನಪಿರಬೇಕು. ನೀನು ತಿರುಗಿ ತಿರುಗಿ ನೋಡುತ್ತಿದ್ದೆ. ನಾನು ಒಳಗೆ ಕಿಟಕಿಯ ಪಕ್ಕ ಇದ್ದೆ.

ಬೀದಿಯಲ್ಲಿ ಅವರಿಗೆ ಒಂದು ಹೆಸರು ಬಿತ್ತು — ಅಯ್ಯನವರನ್ನು ತಿಂದವಳು. ನಿನ್ನನ್ನು ಶಾಲೆಯಲ್ಲಿ ಮಕ್ಕಳು ಏನೆಂದು ಕರೆದರೋ ಅದನ್ನು ನಾನು ಕೇಳಿಸಿಕೊಂಡಿದ್ದೇನೆ. ಆ ಮಕ್ಕಳಿಗೆ ಹೊಡೆದೆ. ಹೊಡೆಯುವ ಹಕ್ಕು ನನಗೆ ಎಲ್ಲಿಂದ ಬಂದಿತ್ತು?

ವರ್ಷ ಮುಗಿಯುವುದರೊಳಗೆ ನಿನ್ನ ತಾಯಿ ಚಿಂತಾಮಣಿಗೆ, ತಮ್ಮನ ಮನೆಗೆ ಹೊರಟರು. ಹೊರಡುವ ದಿನ ನಮ್ಮ ಮನೆಯ ಮುಂದೆ ನಿಂತರು. ಜಗಲಿ ಹತ್ತಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಬೈಯುತ್ತಾರೆ ಎಂದು ಕಾದೆ — ಬೈಯಲಿ ಎಂದು ಬೇಡಿಕೊಂಡೆ ಎಂದರೂ ನಿಜವೇ.

‘ಮದ್ವೆಗೆ ಬರಾಕಾಗಲ್ಲ ಕಣಮ್ಮ. ಮನಸ್ಸಿಗಾಕ್ಕೋಬೇಡ’ ಎಂದರು.

ಅಷ್ಟು ಹೇಳಿ ಗಂಟು ಎತ್ತಿಕೊಂಡು ಬಸ್ಸಿನ ಕಡೆ ನಡೆದರು. ಆ ಮಾತನ್ನು ಯಾವ ಅರ್ಥದಲ್ಲಿ ಆಡಿದರೆಂದು ಒಂಬತ್ತು ವರ್ಷ ತಿರುವಿ ಹಾಕಿದ್ದೇನೆ. ಕ್ಷಮಿಸಿದರೆಂದು ಅಂದುಕೊಳ್ಳುವುದು ನನಗೆ ಬಹಳ ಸುಲಭ. ಅದಕ್ಕೇ ಹಾಗೆ ಅಂದುಕೊಳ್ಳುವುದಿಲ್ಲ.

ಇನ್ನೊಂದು ಹೇಳಬೇಕು. ನನಗೆ ಜ್ವರ ಬಂದದ್ದರಿಂದ ಮದುವೆ ಹೇಗೂ ಮುಂದಕ್ಕೆ ಹೋಯಿತು. ಗೌರಿಬಿದನೂರಿನವರು ಕಾದರು. ಯಾರೂ ಸಂಬಂಧ ಮುರಿಯಲಿಲ್ಲ, ಯಾರೂ ಗೊಣಗಲೂ ಇಲ್ಲ. ವಾಸಿಯಾದ ಮೇಲೆ ನೋಡೋಣ ಎಂದು ಕಾಗದ ಬರೆದರು, ನೋಡಿದರು, ಮದುವೆಯಾಯಿತು. ಆ ಶನಿವಾರ ಹನ್ನೆರಡನೆಯ ಹೆಸರು ಬರೆದಿದ್ದರೆ ನಾನು ಕಳೆದುಕೊಳ್ಳುತ್ತಿದ್ದುದು ಎರಡು ತಿಂಗಳು.

ಅಯ್ಯನವರಿಗೆ ಜ್ವರ ನನ್ನಿಂದಲೇ ಬಂತೆಂದು ಹೇಗೆ ಹೇಳುತ್ತೀ ಎಂದು ಮೊನ್ನೆ ನನ್ನ ಗಂಡ ಕೇಳಿದರು. ಅವರಿಗೂ ಮೊನ್ನೆಯೇ ಹೇಳಿದ್ದು. ಕೇಳುವಾಗ ಅವರ ದನಿಯಲ್ಲಿ ಕರುಣೆಯೂ ಇತ್ತು, ನನ್ನಿಂದ ಒಂದು ಮಾರು ಹಿಂದೆ ಸರಿದದ್ದೂ ಇತ್ತು. ಅಯ್ಯನವರು ಹನ್ನೊಂದು ಮನೆಗಳಿಗೂ ಹೋಗಿ ಪ್ರಾರ್ಥಿಸಿ ಬರುತ್ತಿದ್ದವರಲ್ಲವೇ, ಎಲ್ಲಿಂದ ಬೇಕಾದರೂ ಬಂದಿರಬಹುದು ಎಂದರು. ಇರಬಹುದು. ಅದನ್ನು ತಿಳಿಯುವ ದಾರಿಯಿಲ್ಲ. ಆದರೆ ಕರುಣಾ, ಆ ಸಾವನ್ನು ಯಾರ ತಲೆಯ ಮೇಲೆ ಹೊರಿಸಿದೆ ಎಂಬುದನ್ನು ತಿಳಿಯಲು ಯಾವ ದಾಖಲೆಯೂ ಬೇಕಿಲ್ಲ. ಅದು ನನ್ನ ಬಾಯಿಂದ ಬಂದದ್ದು.

ನಿನ್ನ ತಾಯಿಗೆ ಆ ದೇವಾಲಯದಲ್ಲೇ ನೆನಪಿನ ಪ್ರಾರ್ಥನೆ ಬೇಕಾಗಿತ್ತು ಎಂದೆಯಲ್ಲ. ಅವರು ಒಳಗೆ ಬರಬೇಕಿದ್ದರೆ ಈ ಕಾಗದ ಅವರ ಮುಂದೆ ನಡೆಯಬೇಕು. ನೀನು ಕೇಳಿದ ನಾಲ್ಕು ಮಾತು ಇದೇ. ಇದನ್ನು ಸಭೆಯ ಮುಂದೆ ನೀನು ಓದಬೇಕಾಗಿಲ್ಲ. ನಿನ್ನ ಬಾಯಿಂದ ಇದನ್ನು ಹೇಳಿಸುವುದು ಇನ್ನೊಂದು ತಪ್ಪಾದೀತು. ಈಗಿನ ಸಭಾಪಾಲಕರಿಗೆ ಬೇರೆಯಾಗಿ ಬರೆದಿದ್ದೇನೆ. ನಾನೇ ಬಂದು, ಸಂಪತ್ತಪ್ಪನವರು ಬದುಕಿರುವಾಗಲೇ, ಅವರು ನನ್ನನ್ನು ಕೇಳಿದ ಪ್ರಶ್ನೆಗೆ ಅವರೆದುರಿಗೇ ಪೂರ್ತಿ ಉತ್ತರ ಹೇಳುತ್ತೇನೆ. ಬರಬೇಡಿ ಎಂದು ನೀನು ಬರೆದರೆ ಆ ದಿನ ಬರುವುದಿಲ್ಲ, ಬೇರೆ ಭಾನುವಾರ ಬರುತ್ತೇನೆ. ಬರುವುದಂತೂ ನಿಶ್ಚಯ.

ಬಂದ ದಿನ ಆರಾಧನೆಗೆ ಮುಂಚೆ ಗಂಟೆಯ ಹಗ್ಗವನ್ನು ಒಂದು ಸಲ ನನ್ನ ಕೈಗೆ ಕೊಡಿ ಎಂದು ಸಭಾಪಾಲಕರನ್ನು ಕೇಳಿಕೊಂಡಿದ್ದೇನೆ. ಒಂದೇ ಪೆಟ್ಟು. ಅದು ನಮ್ಮ ಮನೆಯದು. ಅದಾದ ಮೇಲೆ ನಾನು ಒಳಗೆ ಕೂರಬೇಕೋ, ಹುಣಸೆಮರದ ಕೆಳಗೆ ಕೂರಬೇಕೋ ಎಂಬುದನ್ನು ಸಭೆ ಹೇಳಲಿ.